ಗುಂಡಿ ತೋಡಿ ನೋಡಿದೆವು, ಏನೂ ಮುರಿಯಲಿಲ್ಲ. ಇಳಿಯಬಹುದಿತ್ತಾ?

ಪ್ರಶ್ನೆ: ನಾನು ಡೆನ್ವರ್‌ನಲ್ಲಿ ಕೆಲಸದಲ್ಲಿದ್ದೇನೆ. ಮೂರು ವರ್ಷ ರೆಸಾರ್ಟ್‌ನಲ್ಲಿ ಸ್ಕೀ ಮಾಡಿ, ಈ ಚಳಿಗಾಲದಿಂದ ಗೆಳೆಯರ ಜೊತೆ ಬರ್ಥಡ್ ಪಾಸ್ ಸುತ್ತಿನ ಬ್ಯಾಕ್‌ಕಂಟ್ರಿಗೆ, ಅಂದರೆ ರೆಸಾರ್ಟ್‌ನ ಹೊರಗಿನ ಕಾಡುಬೆಟ್ಟಕ್ಕೆ, ಹೋಗುತ್ತಿದ್ದೇನೆ. ಕಳೆದ ವಾರ ಹಿಮಕುಸಿತ ಆಗುತ್ತದಾ ಅಂತ ನೋಡಲು ಗುಂಡಿ ತೋಡಿ, ಕತ್ತರಿಸಿದ ಹಿಮದ ತುಂಡಿನ ಮೇಲೆ ಸಲಿಕೆ ಇಟ್ಟು 30 ಏಟು ಬಡಿದು ಪರೀಕ್ಷೆ ಮಾಡಿದೆವು. ಏನೂ ಮುರಿಯಲಿಲ್ಲ. ಆಗಲೇ ನಾಲ್ಕೈದು ಜನ ಇಳಿದ ಗೆರೆಗಳೂ ಇದ್ದವು. ಆದರೂ ಒಬ್ಬ ಗೆಳತಿ ಬೇಡವೇ ಬೇಡ ಅಂದಳು, ವಾಪಸ್ ಬಂದೆವು. ಅವಳು ಸುಮ್ನೆ ಹೆದರಿದಳಾ?

ಉತ್ತರ: ಇಲ್ಲ. ಮುಂದಿನ ಸಲವೂ ಅವಳನ್ನು ತಪ್ಪದೆ ಕರೆದುಕೊಂಡು ಹೋಗಿ.

ಪರೀಕ್ಷೆಯಲ್ಲಿ ಹಿಮ ಮುರಿದರೆ ನಂಬಿ. ಮುರಿಯದಿದ್ದರೆ ಜಾಸ್ತಿ ನಂಬಬೇಡಿ. ನೀವು ಬಡಿದದ್ದು 90 ಸೆಂ.ಮೀ. ಅಗಲ, 30 ಸೆಂ.ಮೀ. ದಪ್ಪದ ಒಂದು ತುಂಡನ್ನು. ಇಪ್ಪತ್ತು ಅಡಿ ಆಚೆ, ಬಂಡೆಯ ಪಕ್ಕ ಹಿಮ ತೆಳುವಾದ ಕಡೆ, ಕತೆಯೇ ಬೇರೆ ಇರಬಹುದು. ಗೆರೆಗಳ ವಿಷಯವೂ ಅಷ್ಟೆ. ಮೊದಲ ಐವರ ಕಾಲು ಆ ಜಾಗಕ್ಕೆ ಬೀಳದೆ, ಆರನೆಯವರದ್ದು ಬೀಳಬಹುದು.

ಕೊಲೊರಾಡೊದ ಹಿಮಕ್ಕೆ ಒಂದು ಕೆಟ್ಟ ಗುಣ ಇದೆ. ಚಳಿಗಾಲದ ಶುರುವಿನಲ್ಲಿ ಹಿಮ ತೆಳ್ಳಗಿರುತ್ತದೆ, ರಾತ್ರಿ ಕಡು ಚಳಿ. ನೆಲಕ್ಕೆ ತಾಗಿದ ಹಿಮ ಸುಮಾರು 0 ಡಿಗ್ರಿಯಲ್ಲಿದ್ದರೆ, ಒಂದೆರಡು ಅಡಿ ಮೇಲೆ ಗಾಳಿ ಮೈನಸ್ 20 ಇರಬಹುದು. ಆಗ ಆವಿ ಕೆಳಗಿನಿಂದ ಮೇಲಕ್ಕೆ ಹೋಗುತ್ತಾ ಬುಡದ ಹಿಮವನ್ನು ಹರಳು ಹರಳು ಮಾಡಿಬಿಡುತ್ತದೆ. ಕೈಗೆ ತೆಗೆದರೆ ಸಕ್ಕರೆಯ ಹಾಗೆ ಬೆರಳ ಸಂದಿಯಲ್ಲಿ ಸುರಿದುಹೋಗುತ್ತದೆ, ಎಷ್ಟು ಅದುಮಿದರೂ ಉಂಡೆ ಕಟ್ಟುವುದಿಲ್ಲ. ಆಮೇಲೆ ಬಿದ್ದ ಹಿಮ, ಗಾಳಿ ತಂದು ಸುರಿದ ಹಿಮ ಎಲ್ಲ ಅದರ ಮೇಲೆ ಹಲಗೆಯ ಹಾಗೆ ಕೂರುತ್ತದೆ. ಬುಡದ ಸಕ್ಕರೆ ಕುಸಿದರೆ ಹಲಗೆ ಕಳಚಿ ಜಾರುತ್ತದೆ. ಬಿಸಿಲು ಕಮ್ಮಿ ಬೀಳುವ ಉತ್ತರ ಮುಖದಲ್ಲಿ ಈ ಸಕ್ಕರೆ ತಿಂಗಳುಗಟ್ಟಲೆ ಹಾಗೇ ಉಳಿಯಬಹುದು.

2013ರ ಏಪ್ರಿಲ್ 20ರಂದು ಲವ್‌ಲ್ಯಾಂಡ್ ಪಾಸ್ ಹತ್ತಿರದ ಶೀಪ್ ಕ್ರೀಕ್‌ನಲ್ಲಿ ಆದದ್ದು ಇದೇ. ಅಪಾಯ ಇದೆ ಅಂತ ಗೊತ್ತಿದ್ದ ಆರು ಜನ ಆ ಇಳಿಜಾರಿನ ಬುಡದಲ್ಲಿ ದಾಟುತ್ತಿದ್ದರು, ಅಷ್ಟೆ. ಹಲಗೆ ಮೇಲಿನಿಂದ ಕಳಚಿ ಬಂತು. ಐವರು ಸತ್ತರು. ಕೆಳಗೆ ತುಳಿದರೂ ಮೇಲೆ ಕಳಚುತ್ತದೆ ಅನ್ನುವುದು ಹೊಸಬರಿಗೆ ನಂಬಿಕೆಯೇ ಬರುವುದಿಲ್ಲ.

ಅದಕ್ಕೇ ನಾನು ಮೊದಲು ನೋಡುವುದು ಕೋನ. ಇಂಥ ಹಿಮಕುಸಿತಗಳಲ್ಲಿ ಬಹುಪಾಲು 30ರಿಂದ 45 ಡಿಗ್ರಿ ಇಳಿಜಾರಿನವು. ಸ್ಕೀ ಮಾಡಲು ಮಜಾ ಬರುವುದೂ ಅಲ್ಲೇ, ಏನು ಮಾಡೋದು! ಮನೆ ಬಿಡುವ ಮೊದಲು ಕೊಲೊರಾಡೊ ಅವಲಾಂಚ್ ಇನ್ಫರ್ಮೇಷನ್ ಸೆಂಟರ್‌ನ ಹಿಮಕುಸಿತದ ಮುನ್ಸೂಚನೆ ಓದಿ. ಅಪಾಯದ ಐದು ಮಟ್ಟಗಳಲ್ಲಿ 3ನೆಯದು ನೋಡಲು ಸಾಧಾರಣ ಅನ್ನಿಸುತ್ತದೆ, ಆದರೆ ಜಾಸ್ತಿ ಸಾವು ಆಗುವುದು ಅಂಥ ದಿನಗಳಲ್ಲೇ. ದಾರಿಯಲ್ಲಿ ಕಾಲ ಕೆಳಗೆ ‘ಧುಪ್’ ಅಂತ ಹಿಮ ಕೂತ ಸದ್ದು ಬಂತಾ? ಸ್ಕೀ ತುದಿಯಿಂದ ಬಿರುಕು ಓಡಿತಾ? ಹಾಗಾದರೆ ಅಪಾಯ ಇದೆ ಅಂತಲೇ, ಗುಂಡಿ ತೋಡುವುದೇ ಬೇಡ.

ಬೀಕನ್ (ಹೂತವರು ಎಲ್ಲಿದ್ದಾರೆ ಅಂತ ಹುಡುಕುವ ರೇಡಿಯೊ ಸಾಧನ), ಪ್ರೋಬ್ (ಹಿಮದಲ್ಲಿ ಚುಚ್ಚಿ ನೋಡುವ ಉದ್ದ ಕೋಲು), ಸಲಿಕೆ ಪ್ರತಿಯೊಬ್ಬರ ಹತ್ತಿರವೂ ಇರಲಿ. ಹೂತವರನ್ನು 10–15 ನಿಮಿಷದಲ್ಲಿ ತೆಗೆಯಬೇಕು, ಅಷ್ಟರಲ್ಲಿ ಹೊರಗಿನಿಂದ ಯಾರೂ ಬರಲಾರರು.

ಅಂದ ಹಾಗೆ, ಗುಂಡಿ ಬಗ್ಗೆ ಇಷ್ಟು ಬರೆದ ನೀವು ಆ ಇಳಿಜಾರಿನ ಕೋನವನ್ನೇ ಬರೆದಿಲ್ಲ. 25 ಡಿಗ್ರಿ ಇದ್ದು, ಮೇಲೆ ಕಡಿದಾದ ಜಾಗ ಇಲ್ಲದಿದ್ದರೆ ಗೆಳತಿಯನ್ನು ಒಪ್ಪಿಸಬಹುದಿತ್ತು. 35 ಇದ್ದರೆ, ಗುಂಡಿ ತೋಡಿದ ಹೊತ್ತಿನಲ್ಲಿ ಬೇರೆ ಕಡೆ ಹೋಗಿ ಒಂದು ಸಲ ಆರಾಮಾಗಿ ಇಳಿದು ಬರಬಹುದಿತ್ತು.