ಮಗಳಿಗೆ ಬೆಂಗಳೂರಲ್ಲಿ ಯಾವ ಏರಿಯಾ?

ಪತ್ರ: ಮಗಳಿಗೆ ವೈಟ್‌ಫೀಲ್ಡ್‌ನಲ್ಲಿ ಕೆಲಸ ಸಿಕ್ಕಿದೆ. ಬಾಡಿಗೆ ಮನೆ ನೋಡಬೇಕು. ಆ ಕಡೆ ಕನ್ನಡವೇ ಕೇಳಿಸುವುದಿಲ್ಲವಂತೆ. ಒಬ್ಬಳೇ ಹುಡುಗಿಯನ್ನು ಹೇಗೆ ಬಿಡೋದು? ನಮ್ಮವರು ಜಾಸ್ತಿ ಇರುವ ಒಳ್ಳೆಯ ಏರಿಯಾ ಯಾವುದು? ನೀವು ಅಲ್ಲಿ ಇದ್ದು ಬಂದವರಲ್ವಾ, ಹೇಳಿ.
– ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಆದರೆ ‘ನಮ್ಮವರು’ ಅಂದರೆ ಯಾರು? ಪತ್ರ ಎರಡು ಸಲ ಓದಿದರೂ ಗೊತ್ತಾಗಲಿಲ್ಲ. ನಿಮ್ಮೂರಿನ ಸಂತೆಯಲ್ಲೇ ಕನ್ನಡ, ಅರೆಭಾಷೆ, ಕೊಡವ ತಕ್ಕ್, ಮಲಯಾಳ, ತುಳು, ತಮಿಳು ಎಲ್ಲಾ ಕಿವಿಗೆ ಬೀಳುತ್ತವೆ. ಅಲ್ಲಿ ಚೌಕಾಸಿ ಮಾಡಿ ಬೆಳೆದ ಹುಡುಗಿ ಬೆಂಗಳೂರಿಗೆ ಹೆದರುವುದಿಲ್ಲ. ಹೆದರಿರುವುದು ನೀವು.

ಬೆಂಗಳೂರು ಒಂದೇ ಊರಲ್ಲ. ಕೆಂಪೇಗೌಡರು 1537ರಲ್ಲಿ ಕಟ್ಟಿದ ಪೇಟೆ ಒಂದು ಕಡೆ. 1809ರಲ್ಲಿ ಶ್ರೀರಂಗಪಟ್ಟಣ ಬಿಟ್ಟು ಬಂದ ಬ್ರಿಟಿಷ್ ಸೈನ್ಯದ ದಂಡು, ಅಂದರೆ ಕಂಟೋನ್ಮೆಂಟ್, ಇನ್ನೊಂದು ಕಡೆ. ಆಡಳಿತದ ಲೆಕ್ಕದಲ್ಲಿ ಎರಡೂ ಒಂದಾಗಿದ್ದು 1949ರಲ್ಲಿ. ಮನಸ್ಸಿನಲ್ಲಿ ಇನ್ನೂ ಪೂರ್ತಿ ಒಂದಾಗಿಲ್ಲ ಅಂತ ನನಗನಿಸುತ್ತದೆ.

ಎಲ್ಲರೂ ಹೊಗಳುವ ಬಸವನಗುಡಿ, ಮಲ್ಲೇಶ್ವರಗಳು 1898ರ ಪ್ಲೇಗಿನ ಕಾಲದ ಬಡಾವಣೆಗಳು. ಇಕ್ಕಟ್ಟಿನ ಪೇಟೆಯಿಂದ ಜನರನ್ನು ಹೊರಗೆ ತರಬೇಕಿತ್ತು. ಅದಕ್ಕೇ ಅಗಲ ರಸ್ತೆ, ಮನೆಗಳ ಹಿಂದೆ ಕಸ ಸಾಗಿಸಲು ಸಣ್ಣ ಓಣಿ. ಅಲ್ಲಿ ಕನ್ನಡ ಬೇಕಾದಷ್ಟು ಸಿಗುತ್ತದೆ. ಗಾಂಧಿ ಬಜಾರಿನಲ್ಲಿ ಕಾಫಿಪುಡಿ ಅಂಗಡಿ ಮುಂದೆ ನಿಂತರೆ ನಮ್ಮ ತೋಟದ ನೆನಪೂ ಬರುತ್ತದೆ, ಚಿಕೋರಿಯ ವಾಸನೆ ಸಹಿಸಿಕೊಳ್ಳಬೇಕು ಅಷ್ಟೇ. ಆದರೆ ಅಲ್ಲಿಂದ ವೈಟ್‌ಫೀಲ್ಡಿಗೆ ಹೋಗಿ ಬರಲು ದಿನಕ್ಕೆ ಎರಡು ಗಂಟೆಯ ಮೇಲೇ ಬೇಕು. ನಿಮ್ಮ ಸಮಾಧಾನಕ್ಕೆ ಅವಳು ಯಾಕೆ ಸುಮ್ನೆ ರೈಲಿನಲ್ಲಿ ನಿಂತುಕೊಂಡೇ ಇರಬೇಕು?

ನಾನು ಮೊದಲ ಎರಡು ವರ್ಷ ಇದ್ದದ್ದು ದಂಡಿನ ಕಡೆ, ಫ್ರೇಜರ್ ಟೌನ್‌ನಲ್ಲಿ. ಮಹಡಿ ಮೇಲೆ ಒಂದೇ ಕೋಣೆ. ಮನೆಯ ಯಜಮಾನಿ ತಮಿಳು ಕ್ರೈಸ್ತರು. ಹಾಲಿನವನ ಜೊತೆ ಕನ್ನಡ, ಮಟನ್ ಅಂಗಡಿಯವನ ಜೊತೆ ದಖನಿ ಉರ್ದು, ನಾಯಿಗೆ ಮಾತ್ರ ಇಂಗ್ಲಿಷು. ನನ್ನ ಹತ್ತಿರ ನಾಲ್ಕನ್ನೂ ಕಲಸಿ ಮಾತಾಡುತ್ತಿದ್ದರು. ರಂಜಾನ್ ತಿಂಗಳಲ್ಲಿ ಮಾಸ್ಕ್ ರಸ್ತೆಯ ಕೆಂಡದ ಹೊಗೆ ನೇರ ನನ್ನ ಕಿಟಕಿಗೆ ಬರುತ್ತಿತ್ತು. ಒಮ್ಮೆ ಊರಿಂದ ಒಂದು ಡಜನ್ ಕಿತ್ತಳೆ ತಂದುಕೊಟ್ಟೆ. ಮುಂದಿನ ವಾರ ಅದರ ಸಿಪ್ಪೆಯಲ್ಲಿ ಉಪ್ಪಿನಕಾಯಿ ಹಾಕಿ ಅರ್ಧ ಬಾಟಲಿ ನನಗೇ ವಾಪಸ್ ಕೊಟ್ಟರು. ಜ್ವರ ಬಂದಾಗ ಗಂಜಿ ಮೇಲಕ್ಕೆ ಹೊತ್ತು ತಂದವರೂ ಅವರೇ. ಅವರು ನಮ್ಮವರೋ ಅಲ್ಲವೋ, ನೀವೇ ಹೇಳಿ.

ವೈಟ್‌ಫೀಲ್ಡ್ ಮೊನ್ನೆ ಮೊನ್ನೆ ಹುಟ್ಟಿದ್ದೇನಲ್ಲ. 1882ರಲ್ಲಿ ಚಾಮರಾಜ ಒಡೆಯರ್ ಆಂಗ್ಲೋ ಇಂಡಿಯನ್ನರಿಗೆ ಬೇಸಾಯ ಮಾಡಿಕೊಂಡಿರಲಿ ಅಂತ ಸುಮಾರು 3,900 ಎಕರೆ ಕೊಟ್ಟರು. ಅಂದರೆ ಹುಟ್ಟಿದ್ದೇ ಹೊರಗಿನವರ ಊರಾಗಿ. 1990ರ ದಶಕದಲ್ಲಿ ಐಟಿ ಪಾರ್ಕ್ ಬಂತು, ಮತ್ತಷ್ಟು ಹೊರಗಿನವರು ಬಂದರು. ಕನ್ನಡ ಕೇಳಿಸುವುದಿಲ್ಲ ಅನ್ನುವುದು ಅರ್ಧ ನಿಜ. ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಹಿಂದಿ, ಇಂಗ್ಲಿಷು. ಗೇಟಿನಾಚೆ ಸೊಪ್ಪಿನ ಗಾಡಿ ಹತ್ತಿರ, ಮನೆಕೆಲಸಕ್ಕೆ ಬರುವ ರಾಯಚೂರು, ಕಲಬುರಗಿಯವರ ಬಾಯಲ್ಲಿ ಕನ್ನಡವೇ.

ನನ್ನ ವೋಟು ಹಲಸೂರಿಗೆ. ಸೋಮೇಶ್ವರ ದೇವಸ್ಥಾನ, ಕೆರೆ ಪಕ್ಕ ಗುರುದ್ವಾರ, ಹಳೇ ಓಣಿ, ನಡೆದು ಹೋಗುವಷ್ಟು ದೂರದಲ್ಲಿ ಅಂಗಡಿ. ಮೆಟ್ರೋ ನೇರಳೆ ಮಾರ್ಗ 2023ರಿಂದ ಪೂರ್ತಿ ಓಡುತ್ತಿದೆ, ಅದರಲ್ಲಿ ಹತ್ತಿದರೆ ವೈಟ್‌ಫೀಲ್ಡಿಗೆ ನೇರ ರೈಲು. ಊರಿನ ಬಸ್ಸು ಬಂದು ನಿಲ್ಲುವ ಸ್ಯಾಟಲೈಟ್ ನಿಲ್ದಾಣದ ಹತ್ತಿರವೂ ಅದೇ ಮಾರ್ಗ ಹೋಗುತ್ತದೆ. ಹುತ್ತರಿ ಹಬ್ಬದ ಊಟ ಬೇಕಾದರೆ ವಸಂತನಗರದಲ್ಲಿ ಕೊಡವ ಸಮಾಜವಿದೆ. ಅದಕ್ಕಾಗಿ ಅಲ್ಲೇ ಮನೆ ಹಿಡಿಯಬೇಕಿಲ್ಲ.

ಯಾವ ಏರಿಯಾ ಆದರೂ ಸರಿ, ಮನೆಯನ್ನು ಭಾನುವಾರ ಬೆಳಗ್ಗೆ ನೋಡಬೇಡಿ. ವಾರದ ದಿನ ಸಂಜೆ ಏಳಕ್ಕೆ ನೋಡಿ. ಆಗುವುದಾದರೆ ಜೋರು ಮಳೆ ಬಂದ ಮಾರನೇ ದಿನ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆಯ ದುಬಾರಿ ಬಡಾವಣೆಗಳಿಂದ ಜನ ಟ್ರ್ಯಾಕ್ಟರ್ ಹತ್ತಿ ಹೊರಗೆ ಬಂದರು.

ಇನ್ನು ನೀರು. ಅಡ್ವಾನ್ಸ್ ಕೊಡುವ ಮೊದಲು ‘ಕಾವೇರಿ ಇದೆಯಾ?’ ಅಂತ ಕೇಳಿ. ಅಲ್ಲಿ ಹಾಗೇ ಕೇಳುವುದು. ಸುಮಾರು ನೂರು ಕಿಲೋಮೀಟರ್ ದೂರದಿಂದ ಪಂಪ್ ಮಾಡಿ ತರುವ ನೀರದು. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ನಂಬಿದವರು ಟ್ಯಾಂಕರ್‌ಗೆ ಕಾದು ಸುಸ್ತಾದರು. ತಲಕಾವೇರಿ ನಾಡಿನವನಾದ ನಾನು ಮೊದಲ ಸಲ ಆ ಪ್ರಶ್ನೆ ಕೇಳುವಾಗ ನಗು ತಡೆಯಲಾಗಲಿಲ್ಲ. ಯಜಮಾನಿ ನಗಲಿಲ್ಲ. “ದಿನ ಬಿಟ್ಟು ದಿನ, ಬೆಳಗ್ಗೆ ಐದಕ್ಕೆ. ನಿನ್ನ ಹತ್ರ ಬಕೆಟ್ ಎಷ್ಟಿದೆ?” ಅಂದರು.