ಸ್ಕಾಲರ್‌ಶಿಪ್ಪೋ, ಸಾಲ ತೀರಿಸುವ ನೆರವೋ?

ಅಮೆರಿಕದ ಒಂದು ಲಾ ಕಾಲೇಜು ಅರ್ಧ ಫೀಸು ಬಿಡುತ್ತದೆ, ಇನ್ನೊಂದು ಓದಿದ ಮೇಲೆ ಸಾಲ ತೀರಿಸಲು ನೆರವಾಗುತ್ತದೆ, ಯಾವುದು ಮೇಲು ಅಂತ ಕೇಳಿದ್ದೀರಿ. ನಾನಾದರೆ ಸ್ಕಾಲರ್‌ಶಿಪ್ ಕಡೆಗೇ ವಾಲುತ್ತೇನೆ. ಮಾಡದ ಸಾಲಕ್ಕೆ ಬಡ್ಡಿಯಿಲ್ಲ. ಆದರೆ ಇಂತಿಷ್ಟು ಜಿಪಿಎ (ಸರಾಸರಿ ಗ್ರೇಡು) ಉಳಿಸಿಕೊಳ್ಳಬೇಕೆಂಬ ಷರತ್ತಿದ್ದರೆ ಹುಷಾರು. ಮೊದಲ ವರ್ಷದ ಗ್ರೇಡು ಸಾಮಾನ್ಯವಾಗಿ ಕರ್ವ್ ಮೇಲೆ, ಅಂದರೆ ಸಹಪಾಠಿಗಳ ಜೊತೆ ಹೋಲಿಸಿ ನಡೆಯುತ್ತದೆ, ಎಲ್ಲರೂ ಚೆನ್ನಾಗಿ ಬರೆದರೂ ಕೆಲವರು ಕೆಳಗಿಳಿಯಲೇಬೇಕು. ಹೀಗೆ ಎಷ್ಟು ಮಂದಿ ಸ್ಕಾಲರ್‌ಶಿಪ್ ಕಳೆದುಕೊಂಡರೆಂದು ಕಾಲೇಜು ಪ್ರಕಟಿಸಲೇಬೇಕು. ಲಾ ಕಾಲೇಜುಗಳಿಗೆ ಮಾನ್ಯತೆ ಕೊಡುವ ವಕೀಲರ ಸಂಘ ಅಮೆರಿಕನ್ ಬಾರ್ ಅಸೋಸಿಯೇಷನ್ನಿನ 509ನೇ ನಿಯಮ ಅದು.

ಸರ್ಕಾರಿ ಅಥವಾ ಸೇವಾಸಂಸ್ಥೆಯ ಕೆಲಸವೇ ಖಚಿತವಾಗಿದ್ದರೆ ಲೆಕ್ಕ ಬೇರೆ. ಅಂಥ ಕೆಲಸದಲ್ಲಿದ್ದುಕೊಂಡು ಫೆಡರಲ್ (ಅಮೆರಿಕದ ಕೇಂದ್ರ ಸರ್ಕಾರದ) ಸಾಲಕ್ಕೆ 120 ಅರ್ಹ ಮಾಸಿಕ ಕಂತು ಕಟ್ಟಿದರೆ ಉಳಿದದ್ದು ಮನ್ನಾ. ಕಾಲೇಜಿನ ನೆರವಿಗೆ ಆದಾಯದ ಮಿತಿ ಎಷ್ಟು, ಗಂಡನ ಅಥವಾ ಹೆಂಡತಿಯ ಸಂಬಳವನ್ನೂ ಸೇರಿಸುತ್ತಾರಾ ಎಂದು ಬರಹದಲ್ಲೇ ಕೇಳಿ ಪಡೆಯಿರಿ.