ಮಾಮೂಲು ನಿಲ್ಲಿಸಿದ 11 ಜನರಿಗೆ ಪ್ರಶಸ್ತಿ ಸಿಗುತ್ತದೆಯೇ?

ಪ್ರಶ್ನೆ: ಮೇಡಂ, ದಾವಣಗೆರೆಯಲ್ಲಿ ಅಕ್ಕಿ ಗಿರಣಿ, ಮಂಡಕ್ಕಿ ಭಟ್ಟಿ, ಮೆಕ್ಕೆಜೋಳದ ವ್ಯಾಪಾರ ಇಟ್ಟುಕೊಂಡಿರುವ 11 ಜನ ನಾವು. ತಪಾಸಣೆಗೆ ಬಂದವರಿಗಾಗಲಿ, ಲೈಸೆನ್ಸ್ ನವೀಕರಣಕ್ಕಾಗಲಿ ಮಾಮೂಲು ಕೊಡುವುದಿಲ್ಲ ಎಂದು ಹೋದ ಯುಗಾದಿಯ ಹೊತ್ತಿಗೆ ಒಟ್ಟಾಗಿ ತೀರ್ಮಾನ ಮಾಡಿದೆವು. ಒಬ್ಬೊಬ್ಬರೇ ಇದ್ದಾಗ ಆಗದ್ದು ಈಗ ಸ್ವಲ್ಪಮಟ್ಟಿಗೆ ಆಗುತ್ತಿದೆ. ಹೀಗೆ ಕೂಡಿ ಲಂಚ ತಡೆಯುವವರಿಗೆ ಹೊರದೇಶದಲ್ಲಿ ಪ್ರಶಸ್ತಿ ಕೊಡುತ್ತಾರೆ ಎಂದು ನನ್ನ ಮಗಳು ಹೇಳಿದಳು. ನಿಜವೇ? ಇದರ ನಡುವೆ ಒಬ್ಬರು ಫೋನ್ ಮಾಡಿ, 35,000 ರೂಪಾಯಿ ನೋಂದಣಿ ಶುಲ್ಕ ಕಟ್ಟಿದರೆ ಬೆಂಗಳೂರಿನ ಹೋಟೆಲ್‌ನಲ್ಲಿ ಪ್ರಾಮಾಣಿಕ ಉದ್ಯಮಿ ಪ್ರಶಸ್ತಿ ಕೊಡುತ್ತೇವೆ ಅಂದರು. ಕಟ್ಟಬಹುದೇ? ಇನ್ನೊಂದು: ನಮ್ಮಲ್ಲೇ ಒಬ್ಬರು ಕಳೆದ ತಿಂಗಳು ಒತ್ತಡಕ್ಕೆ ಮಣಿದು ದುಡ್ಡು ಕೊಟ್ಟುಬಿಟ್ಟರು. ಅವರನ್ನು ಗುಂಪಿನಿಂದ ಬಿಡಬೇಕೇ?
— ಹೆಸರು ಬೇಡ, ದಾವಣಗೆರೆ

ಉತ್ತರ: ಮೊದಲು ಫೋನ್ ಮಾಡಿದವರ ವಿಷಯ. ಒಂದು ರೂಪಾಯಿಯನ್ನೂ ಕಟ್ಟಬೇಡಿ. ಲಂಚ ಕೊಡಲಿಲ್ಲ ಎನ್ನುವ ಗೌರವವನ್ನು ದುಡ್ಡು ಕೊಟ್ಟು ತಂದು ಗೋಡೆಗೆ ಹಾಕಿದರೆ ನಿಮ್ಮ 11 ಜನರ ತೀರ್ಮಾನಕ್ಕೇ ಅವಮಾನ.

ನಿಮ್ಮ ಮಗಳು ಹೇಳಿದ್ದು ನಿಜ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಬಾಸೆಲ್ ಇನ್‌ಸ್ಟಿಟ್ಯೂಟ್ ಆನ್ ಗವರ್ನೆನ್ಸ್ ಎಂಬ ಸಂಸ್ಥೆ 2003ರಿಂದ ಭ್ರಷ್ಟಾಚಾರ ತಡೆಯ ಕೆಲಸ ಮಾಡುತ್ತಿದೆ. ಕಂಪನಿಗಳು, ಸಂಘಗಳು, ಸರ್ಕಾರಿ ಇಲಾಖೆಗಳು ಕೂಡಿ ಲಂಚ ತಡೆದ ಪ್ರಯತ್ನಗಳಿಗೆ ಅದು 2022ರಲ್ಲಿ ಪ್ರಶಸ್ತಿ ಆರಂಭಿಸಿತು. ಒಂಟಿ ಕಂಪನಿಯ ಸಾಧನೆಗಿಂತ ಕೂಡಿ ಮಾಡಿದ್ದಕ್ಕೆ ಅಲ್ಲಿ ಬೆಲೆ. ಒಬ್ಬ ಗಿರಣಿಯವನು ಕೊಡಲ್ಲ ಅಂದರೆ ಅವನ ಫೈಲು ನಿಲ್ಲುತ್ತದೆ, ಪಕ್ಕದವನ ಫೈಲು ಓಡುತ್ತದೆ. ಸಾಲಿಡೀ ಕೊಡಲ್ಲ ಅಂದಾಗ ಮಾತ್ರ ಕೇಳುವವನು ಯೋಚನೆ ಮಾಡುತ್ತಾನೆ. ನೀವು ಅನುಭವದಿಂದ ಕಂಡದ್ದು ಇದನ್ನೇ.

ಆದರೆ ಅಲ್ಲಿಗೆ ಅರ್ಜಿ ಹಾಕುವ ಮುಂಚೆ ಒಂದು ಕಥೆ ಕೇಳಿ. ಕಾಳಿನ ವ್ಯಾಪಾರ ಮಾಡುವ ನಿಮಗೆ ಇದು ಬೇಗ ಹಿಡಿಸುತ್ತದೆ. ಅರ್ಜೆಂಟೀನಾದ ಬಂದರುಗಳಲ್ಲಿ ಹಡಗಿಗೆ ಧಾನ್ಯ ತುಂಬುವ ಮುಂಚೆ ಅದರ ಒಡಲು ಚೊಕ್ಕಟವಾಗಿದೆಯೇ ಎಂದು ಇನ್‌ಸ್ಪೆಕ್ಟರ್ ಇಳಿದು ನೋಡಬೇಕು. ಹಳೆಯ ಸರಕಿನ ಕಾಳೋ ತುಕ್ಕಿನ ಚಕ್ಕೆಯೋ ಕಂಡರೆ ಆಗದು ಅನ್ನಬಹುದು. ಆಗದು ಅಂದರೆ ಹಡಗು ನಿಂತಷ್ಟು ದಿನವೂ ಮಾಲೀಕರಿಗೆ ದೊಡ್ಡ ನಷ್ಟ. ಚೊಕ್ಕಟ ಎಂದರೆ ಎಷ್ಟು ಚೊಕ್ಕಟ ಎನ್ನುವುದು ಒಬ್ಬನ ಕಣ್ಣಿಗೆ ಬಿಟ್ಟ ಮಾತಾದ್ದರಿಂದ ಅಲ್ಲೇ ಕೈ ಚಾಚುವುದೂ ನಡೆಯುತ್ತಿತ್ತು. 2011ರಲ್ಲಿ ಹಡಗು ಕಂಪನಿಗಳು ಕೂಡಿ ಕಟ್ಟಿಕೊಂಡ ಮ್ಯಾರಿಟೈಮ್ ಆ್ಯಂಟಿ-ಕರಪ್ಷನ್ ನೆಟ್‌ವರ್ಕ್ ಎಂಬ ಕೂಟ ಇದನ್ನು ಕೈಗೆತ್ತಿಕೊಂಡಿತು. ಯಾವ ಬಂದರು, ಯಾವ ತಪಾಸಣೆ, ಏನು ಕೇಳಿದರು ಎಂದು ಸದಸ್ಯರಿಂದ ವರದಿ ಕಲೆಹಾಕಿ ಅಲ್ಲಿನ ಸರ್ಕಾರದ ಜೊತೆಯೇ ಕೂತು ಮಾತಾಡಿತು. 2017ರಲ್ಲಿ ನಿಯಮವೇ ಬದಲಾಯಿತು. ತಪಾಸಣೆಯ ವಿವರ ಕಂಪ್ಯೂಟರಿನಲ್ಲಿ ದಾಖಲಾಗುವಂತೆ, ಒಬ್ಬರು ನೋಡಿದ್ದನ್ನು ಇನ್ನೊಬ್ಬರು ತಾಳೆ ನೋಡುವಂತೆ ವ್ಯವಸ್ಥೆ ಬಂತು. ಅದೇ ಕೂಟ ಮುಂದೆ ಮುಂಬೈ ಬಂದರುಗಳಲ್ಲೂ ಪ್ರಯತ್ನ ಆರಂಭಿಸಿತು.

ಈಗ ನಿಮ್ಮ ಅಂಗಳಕ್ಕೆ ಬನ್ನಿ. ಬೆಂಬಲ ಬೆಲೆ ಖರೀದಿಯಲ್ಲಿ ಮೆಕ್ಕೆಜೋಳದ ತೇವಾಂಶ ಶೇ 14 ದಾಟಬಾರದು, ಭತ್ತದ್ದು ಶೇ 17. ಚೀಲದ ಬಾಯಿಗೆ ಚುಚ್ಚಿ ತೆಗೆದ ಕಾಳಿಗೂ ತಳದಿಂದ ತೆಗೆದ ಕಾಳಿಗೂ ಯಂತ್ರ ಬೇರೆ ಬೇರೆ ಅಂಕಿ ತೋರಿಸಬಹುದು. ಯಾವ ಚೀಲ, ಎಲ್ಲಿ ಚುಚ್ಚಬೇಕು ಎನ್ನುವುದು ಒಬ್ಬನ ಕೈಯಲ್ಲಿದ್ದರೆ ಹಡಗಿನ ಒಡಲಿನ ಕಥೆಯೇ ಇಲ್ಲಿಯೂ. ಹಾಗಾಗಿ ನಿಮ್ಮ ಗುಂಪು ಮೊದಲು ಹುಡುಕಬೇಕಾದದ್ದು ಲಂಚ ಕೇಳುವ ಮನುಷ್ಯನಿಗಿಂತ ಕೇಳಲು ಅವಕಾಶ ಕೊಡುವ ಜಾಗವನ್ನು. ಮನುಷ್ಯ ವರ್ಗವಾಗಿ ಹೋಗುತ್ತಾನೆ, ಜಾಗ ಅಲ್ಲೇ ಇರುತ್ತದೆ.

ಅದಕ್ಕೆ ಬೇಕಾದದ್ದು ಒಂದು ರಿಜಿಸ್ಟರ್. ಯಾವ ದಿನ, ಯಾವ ಕೆಲಸಕ್ಕೆ, ಎಷ್ಟು ಕೇಳಿದರು, ನೀವೇನು ಹೇಳಿದಿರಿ, ಕೆಲಸ ಎಷ್ಟು ದಿನಕ್ಕೆ ಆಯಿತು, ಇಷ್ಟೇ. 11 ಜನ ಒಂದು ವರ್ಷ ಬಿಡದೆ ಬರೆದರೆ ಯಾವ ಕೆಲಸ ಎಲ್ಲಿ ನಿಲ್ಲುತ್ತದೆ ಎನ್ನುವುದು ಕಣ್ಣಿಗೆ ಕಟ್ಟುತ್ತದೆ. ಅದನ್ನು ಹಿಡಿದು ಜಿಲ್ಲಾಧಿಕಾರಿಯ ಮುಂದೆ ಕೂತರೆ ನಿಮ್ಮ ಮಾತಿಗೆ ತೂಕ ಬರುತ್ತದೆ. ಸರ್ಕಾರಿ ಸೇವೆಯನ್ನು ಗಡುವಿನೊಳಗೆ ಕೊಡಬೇಕೆನ್ನುವ ಸಕಾಲದ ವ್ಯಾಪ್ತಿಗೆ ಬರುವ ಅರ್ಜಿಯಾದರೆ, ಅದಕ್ಕೆ ಸಿಗುವ 15 ಅಂಕಿಗಳ ಜಿಎಸ್‌ಸಿ ಸಂಖ್ಯೆಯನ್ನೂ ಬರೆದುಕೊಳ್ಳಿ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳುವ ಹಕ್ಕಿದೆ. ಮೊತ್ತ ಚಿಕ್ಕದು ನಿಜ, ಆದರೆ ತಡವಾದದ್ದು ಯಾರಿಂದ ಎಂದು ಕಾಗದದ ಮೇಲೆ ಬರುತ್ತದೆ. ಪ್ರಶಸ್ತಿ ಕೊಡುವವರಿಗೂ ನೀವು ತೋರಿಸಬೇಕಾದದ್ದು ಇದೇ ರಿಜಿಸ್ಟರನ್ನು. ಪ್ರತಿಜ್ಞೆ ಮಾಡಿದ ಫೋಟೊ ಎಲ್ಲರ ಹತ್ತಿರವೂ ಇರುತ್ತದೆ.

ಮಣಿದುಬಿಟ್ಟ ಗೆಳೆಯರನ್ನು ದಯವಿಟ್ಟು ಕೈಬಿಡಬೇಡಿ. ಅವರನ್ನು ಹೊರಗಿಟ್ಟರೆ ಮುಂದೆ ಮಣಿದವರು ಯಾರೂ ಬಾಯಿ ಬಿಡುವುದಿಲ್ಲ. ಎಲ್ಲಿ, ಯಾವ ಒತ್ತಡಕ್ಕೆ ಸೋತರು ಎನ್ನುವುದೇ ನಿಮಗೆ ಬೇಕಾದ ಮಾಹಿತಿ. ಆದರೆ ಕಾನೂನು ತಿಳಿದಿರಲಿ. 1988ರ ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಾದ ತಿದ್ದುಪಡಿಯ ಪ್ರಕಾರ ಲಂಚ ಕೊಟ್ಟವರೂ ಅಪರಾಧಿಗಳೇ. ಬಲವಂತಕ್ಕೆ ಕೊಟ್ಟಿದ್ದರೆ 7 ದಿನದೊಳಗೆ ತನಿಖಾ ಸಂಸ್ಥೆಗೆ ತಿಳಿಸಿದವರಿಗೆ ರಕ್ಷಣೆ ಇದೆ. ನಿಮ್ಮ ಗೆಳೆಯರಿಗೆ ಆ 7 ದಿನ ಮುಗಿದಿರುವುದರಿಂದ ಅವರು ಮೊದಲು ವಕೀಲರನ್ನು ಕಾಣಲಿ. ಮುಂದಿನ ಸಲ ಯಾರಾದರೂ ಕೇಳಿದರೆ, ಕೊಡುವ ಮುಂಚೆಯೇ ಲೋಕಾಯುಕ್ತ ಪೊಲೀಸರ ಬಳಿ ಹೋಗಿ. ಅವರು ಪುಡಿ ಸವರಿದ ನೋಟು ಕೊಟ್ಟು ಕಳಿಸುತ್ತಾರೆ, ಮುಟ್ಟಿದವನ ಬೆರಳನ್ನು ಸೋಡಾ ನೀರಿನಲ್ಲಿ ಅದ್ದಿಸಿದಾಗ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಹೀಗೆ ಮುಂಚೆ ತಿಳಿಸಿ, ತನಿಖೆಗೆ ನೆರವಾಗಲು ಕೊಟ್ಟ ಹಣ ಅಪರಾಧವಾಗುವುದಿಲ್ಲ.

ಕೊನೆಗೆ, ನೀವು ಕೇಳದಿದ್ದರೂ ಹೇಳಲೇಬೇಕಾದ ಮಾತು. 11 ವ್ಯಾಪಾರಿಗಳು ಒಂದು ಕಡೆ ಕೂತಾಗ ಮಾತು ರೇಟಿನ ಕಡೆ ಜಾರುವುದು ಸಹಜ. ಜಾರಬಾರದು. ಇಷ್ಟಕ್ಕಿಂತ ಹೆಚ್ಚಿಗೆ ರೈತರಿಂದ ಕೊಳ್ಳುವುದು ಬೇಡ, ಇಷ್ಟಕ್ಕಿಂತ ಕಡಿಮೆಗೆ ಮಾರುವುದು ಬೇಡ ಎಂದು ಒಪ್ಪಂದವಾದರೆ 2002ರ ಸ್ಪರ್ಧಾ ಕಾಯ್ದೆಯಡಿ ಅದು ಕಾರ್ಟೆಲ್, ಅಂದರೆ ಕಾನೂನು ಒಪ್ಪದ ಬೆಲೆಕೂಟ. ಪ್ರತಿ ಸಭೆಯ ವಿಷಯಪಟ್ಟಿ ಮುಂಚೆಯೇ ಬರೆಯಿರಿ, ನಡಾವಳಿ ಇಡಿ, ಬೆಲೆಯ ಮಾತು ಎತ್ತಿದವರನ್ನು ಅಲ್ಲೇ ತಡೆಯಿರಿ.

ಪ್ರಶ್ನೆ: ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನಲ್ಲಿ ಅಕೌಂಟೆಂಟ್ ಆಗಿದ್ದೇನೆ. ಪಾಲುದಾರಿಕೆ ಸಂಸ್ಥೆ. ಮಾಮೂಲು ಕೊಟ್ಟ ಹಣವನ್ನು ಇತರೆ ಖರ್ಚು ಎಂದು ಬರೆಯಲು ಹೇಳುತ್ತಾರೆ. ಏನು ಮಾಡಲಿ?
— ಒಬ್ಬ ಓದುಗ

ಉತ್ತರ: ಬರೆಯಬೇಡಿ. ನಾನು ಆಡಿಟ್ ಮಾಡುತ್ತಿದ್ದ ಕಾಲದಲ್ಲಿ ಒಂದು ಲೆಜರಿನಲ್ಲಿ ಪ್ರತಿ ತಿಂಗಳು 5ನೇ ತಾರೀಖು ‘ಮಂಡಕ್ಕಿ-ಮಿರ್ಚಿ ಖರ್ಚು’ ಎಂದು ಒಂದೇ ಮೊತ್ತ ಇರುತ್ತಿತ್ತು, ಪೈಸೆಯೂ ಆಚೀಚೆ ಇಲ್ಲ. ತಿಂಡಿಯ ಬಿಲ್ಲು ಹಾಗೆ ಬರುವುದಿಲ್ಲ. ಎರಡೇ ನಿಮಿಷದಲ್ಲಿ ಅದು ಕಣ್ಣಿಗೆ ಬಿತ್ತು, ಆದರೆ ಮಾಲೀಕರ ಮುಂದೆ ಮೊದಲು ತಲೆತಗ್ಗಿಸಿ ನಿಂತದ್ದು ಅದನ್ನು ಬರೆದ ಗುಮಾಸ್ತರು. ಅವರ ಮುಖ ನನಗೆ ಇವತ್ತಿಗೂ ಮರೆತಿಲ್ಲ.

ಲಂಚದ ಹಣವನ್ನು ವ್ಯಾಪಾರದ ಖರ್ಚೆಂದು ಆದಾಯ ತೆರಿಗೆಯಲ್ಲಿ ಕಳೆಯುವಂತಿಲ್ಲ. ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯಲ್ಲಿ ಪಾಲುದಾರಿಕೆ ಸಂಸ್ಥೆಗಳೂ ಸೇರಿವೆ. ಸಂಸ್ಥೆಗೆ ದಂಡವಾಗುತ್ತದೆ, ಒಪ್ಪಿಗೆ ಕೊಟ್ಟ ಪಾಲುದಾರರಿಗೆ 3ರಿಂದ 7 ವರ್ಷ ಜೈಲು ಇದೆ. ಏಜೆಂಟ್ ಕೊಟ್ಟದ್ದು, ನಮಗೆ ಸಂಬಂಧವಿಲ್ಲ ಎಂದು ಸುಮ್ಮನೆ ಕೈತೊಳೆದುಕೊಳ್ಳಲಾಗದು, ಲಂಚ ತಡೆಯಲು ಸರಿಯಾದ ಕ್ರಮ ಇಟ್ಟುಕೊಂಡಿದ್ದೆವು ಎಂದು ತೋರಿಸಬೇಕಾಗುತ್ತದೆ. ಇದನ್ನು ಪಾಲುದಾರರಿಗೆ ಒಂದು ಹಾಳೆಯಲ್ಲಿ ಬರೆದು ಕೊಡಿ, ಒಂದು ಪ್ರತಿಗೆ ತಾರೀಖು ಹಾಕಿ ಮನೆಯಲ್ಲಿಟ್ಟುಕೊಳ್ಳಿ. ಬಿಲ್ಲಿಲ್ಲದ ವೋಚರಿಗೆ ನಿಮ್ಮ ಸಹಿ ಬೀಳದಿರಲಿ.